ಚೆನ್ನಿಗರಾಯನ ಮ್ಯಾಟು

ಅರಸೀಕೆರೆಯ ನಮ್ಮ ಮನೆಯ ತಲೆಬಾಗಿಲಿನ ಮುಂದೆ ಒಂದೂವರೆ ಅಡಿ ಅಗಲ, ಎರಡಡಿ ಉದ್ದದ ಹುಲ್ಲುಗಾವಲೊಂದಿದೆ. ವರ್ಷವಿಡೀ ಹಸಿರು. ನೀರು ಹಾಕುವಂತಿಲ್ಲ, ಕಳೆ ಕೀಳುವಂತಿಲ್ಲ. ಶುಕ್ರವಾರಕ್ಕೊಮ್ಮೆ ನನ್ನ ಹೆಂಡತಿ ಸಾವಿತ್ರಿ ಅದನ್ನು ಎತ್ತಿಕೊಂಡು ಹೋಗಿ, ಒಗೆಯುವ ಕಲ್ಲಿಗೆ ನಾಲ್ಕು ಬಾರಿ ಬಡಿದು, ಸೋಪಿನ ಪುಡಿ ಹಾಕಿ ತಿಕ್ಕಿ, ಹಿತ್ತಲಿನ ತಂತಿಯ ಮೇಲೆ ನನ್ನ ಬನಿಯನ್ನಿನ ಪಕ್ಕದಲ್ಲಿ ಒಣಹಾಕುತ್ತಾಳೆ. ಹುಲ್ಲನ್ನು ಒಗೆದು ಕ್ಲಿಪ್ಪು ಸಿಕ್ಕಿಸುವ ಕಾಲವನ್ನು ಕಣ್ಣಾರೆ ನೋಡುವಷ್ಟು ಆಯುಸ್ಸನ್ನು ದೇವರು ನನಗೆ ಕೊಟ್ಟಿದ್ದಾನೆ.

ನಮ್ಮ ಬೀದಿಯಲ್ಲಿ ಒಂದು ಕೆಂದ ಹಸು ಓಡಾಡಿಕೊಂಡಿದೆ. ಅದು ಬಂದ ಮೊದಲ ದಿನ ಈ ಹುಲ್ಲಿಗೆ ಬಾಯಿ ಹಾಕಿ, ಎರಡು ಸಲ ಜಗಿದು, ತಲೆ ಎತ್ತಿ ನನ್ನನ್ನೇ ನೋಡಿತು. ಮೂವತ್ತೈದು ವರ್ಷ ಗುಮಾಸ್ತಗಿರಿ ಮಾಡಿದವನು ನಾನು. ಎಷ್ಟೋ ಜನ ಕಿಟಕಿಯಾಚೆ ನಿಂತು ನನ್ನನ್ನು ಹಾಗೆ ನೋಡಿದ್ದಾರೆ. ಆದರೂ ಹಸು ನೋಡಿದಾಗ ಆದಷ್ಟು ನಾಚಿಕೆ ಯಾರು ನೋಡಿದಾಗಲೂ ಆಗಿರಲಿಲ್ಲ.

ಈ ಹುಲ್ಲಿನ ತುಂಡು ನಮ್ಮ ಮನೆಗೆ ಹೇಗೆ ಬಂತು ಎಂದು ಹೇಳಬೇಕಾದರೆ ನನ್ನ ಗೆಳೆಯ ಬಸವರಾಜುವಿನ ಕಾಲಿನ ಹೆಬ್ಬೆರಳಿನ ವಿಷಯ ಹೇಳಬೇಕಾಗುತ್ತದೆ. ಹೆಬ್ಬೆರಳಿನ ವಿಷಯ ಹೇಳಬೇಕಾದರೆ ನಮ್ಮಪ್ಪನ ವಿಷಯ ಹೇಳಬೇಕು. ಅವಸರವಿದ್ದವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ.

ನಮ್ಮೂರು ಬೇಲೂರಿಗೂ ಹಳೇಬೀಡಿಗೂ ನಡುವೆ ಎಲ್ಲೋ ಒಂದು ಕಡೆ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರು ಈ ಬರಹವನ್ನು ಓದುತ್ತಾರೆ, ಓದಿದರೆ ತಿದ್ದುತ್ತಾರೆ. ಊರಲ್ಲೊಂದು ಚೆನ್ನಿಗರಾಯನ ಗುಡಿ. ದೊಡ್ಡ ಗುಡಿಗಳ ಹಾಗೆ ಶಿಲ್ಪ ಗಿಲ್ಪ ಏನೂ ಇಲ್ಲ. ನಾಲ್ಕು ಕಂಬ, ಒಂದು ಗರ್ಭಗುಡಿ, ಮುಂದೆ ಕಲ್ಲುಚಪ್ಪಡಿ ಹಾಸಿದ ವಿಶಾಲವಾದ ಅಂಗಳ, ಅಂಗಳದ ಮೂಲೆಯಲ್ಲಿ ಒಂದು ಬಾವಿ. ನಮ್ಮಪ್ಪ ವೆಂಕಟರಮಣಯ್ಯ ಅಲ್ಲಿ ಅರ್ಚಕರು. ಊರಿನವರ ಬಾಯಲ್ಲಿ ‘ಅಯ್ನೋರು’.

ಬೇಸಿಗೆಯಲ್ಲಿ ನಮ್ಮ ಸೀಮೆಯ ಗುಡಿಗಳಿಗೆ ಬಂದವರಿಗೆ ಕಲ್ಲಿನ ಅಂಗಳ ಎಂದರೇನೆಂದು ಗೊತ್ತಿರುತ್ತದೆ. ಮಧ್ಯಾಹ್ನ ಪ್ರವಾಸಿಗರು ಒಂದು ಕಾಲೆತ್ತಿ, ಸೊಂಟ ಬಳುಕಿಸಿ, ಕೈ ಬೀಸಿ ಕುಣಿಯುವುದನ್ನು ನೋಡಿದರೆ ಗೋಡೆಯ ಮೇಲಿನ ಮದನಿಕೆಯರನ್ನು ನೋಡಿ ಸ್ಫೂರ್ತಿ ಬಂದಿದೆ ಎಂದುಕೊಳ್ಳಬೇಕು. ಸ್ಫೂರ್ತಿಯೂ ಇಲ್ಲ ಏನೂ ಇಲ್ಲ, ಅಂಗಾಲು ಸುಡುತ್ತಿರುತ್ತದೆ. ಅಷ್ಟು ಭಂಗಿಗಳನ್ನು ಕೆತ್ತಿದ ಶಿಲ್ಪಿಗಳಿಗೆ ಮಾದರಿ ಎಲ್ಲಿ ಸಿಕ್ಕಿತು ಎಂಬ ಬಗ್ಗೆ ನನ್ನದೇ ಒಂದು ಸಂಶೋಧನೆಯಿದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಈ ಸುಡುವ ಕಲ್ಲಿಗಾಗಿ ನಮ್ಮ ಗುಡಿಗೆ ಒಂದು ಮ್ಯಾಟು ಬಂದಿತ್ತು. ಗಂಡಸಿ ಎಂಬ ಊರಿನ ಕಡೆಯ ಒಕ್ಕಲೊಂದಕ್ಕೆ ಚೆನ್ನಿಗರಾಯ ಮನೆದೇವರು. ಆ ಮನೆಯ ಯಜಮಾನರು ತಮ್ಮ ತೋಟದ ತೆಂಗಿನ ನಾರನ್ನೇ ಹುರಿ ಮಾಡಿಸಿ, ನೇಯಿಸಿ, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಒಪ್ಪಿಸಿದ್ದರು. ಹೊರಬಾಗಿಲಿನಿಂದ ಒಳಬಾಗಿಲಿನವರೆಗೆ ಉದ್ದಕ್ಕೆ ಹಾಸಿದರೆ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ. ನಾರು ಎಂಥ ಬಿಸಿಲಿಗೂ ಕಾಯುತ್ತಿರಲಿಲ್ಲ. ಅಂಗಾಲಿಗೆ ಚುಚ್ಚುತ್ತಿತ್ತು, ಅಷ್ಟೆ. ದೇವರ ಹತ್ತಿರ ಹೋಗುವಾಗ ಅಷ್ಟಾದರೂ ಚುಚ್ಚಬೇಡವೇ ಎನ್ನುತ್ತಿದ್ದರು ಅಪ್ಪ.

ನಾನು ಆಗ ಅರಸೀಕೆರೆಯಲ್ಲಿ ಬಿ.ಕಾಂ. ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ನಮ್ಮಪ್ಪನ ತಿಳಿವಳಿಕೆ. ನಿಜವಾಗಿ ಕ್ರಿಕೆಟ್ ನೋಡುತ್ತಿದ್ದೆ. ಅಲ್ಲಿನ ತಂಡ ಮೈದಾನದ ನಡುವೆ ಒಂದು ನಾರಿನ ಮ್ಯಾಟು ಹಾಸಿ ಆಡುತ್ತಿತ್ತು. ಮಣ್ಣಿನ ಮೇಲೆ ನಾವು ಆಡುವಾಗ ಚೆಂಡು ಒಮ್ಮೆ ನೆಲಕ್ಕೇ ಅಂಟಿಕೊಂಡು ಹೋಗುತ್ತಿತ್ತು, ಒಮ್ಮೆ ಹಲ್ಲಿಗೆ ಬರುತ್ತಿತ್ತು. ಮ್ಯಾಟಿನ ಮೇಲೆ ಚೆಂಡು ಸರ್ಕಾರಿ ನೌಕರನ ಹಾಗೆ ನಿಯಮ ಪ್ರಕಾರ ಏಳುತ್ತಿತ್ತು. ಅವರ ಮ್ಯಾಟನ್ನು ನೋಡಿದ ಕೂಡಲೇ ನನಗೆ ಹೊಳೆದದ್ದು ಒಂದೇ: ಇದು ನಮ್ಮ ಗುಡಿಯಲ್ಲೂ ಇದೆಯಲ್ಲ!

ಇಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುವುದಿದೆ. ಆಟಕ್ಕೆ ಕೃತಕ ಹುಲ್ಲು ಬಂದದ್ದು ಅಮೆರಿಕದಲ್ಲಿ ಎಂದು ಎಲ್ಲ ಕಡೆ ಬರೆದಿದ್ದಾರೆ. ಅಲ್ಲೊಂದು ಊರಿನಲ್ಲಿ ಬಿಸಿಲು, ಮಳೆ, ಸೊಳ್ಳೆ ಯಾವುದೂ ಬೇಡವೆಂದು ಇಡೀ ಕ್ರೀಡಾಂಗಣಕ್ಕೇ ಚಾವಣಿ ಕಟ್ಟಿದರಂತೆ. ಒಳಗೆ ಹುಲ್ಲು ಬೆಳೆಯಲಿ ಎಂದು ಚಾವಣಿಗೆ ಗಾಜು ಹಾಕಿದರು. ಗಾಜಿನ ಹೊಳಪಿಗೆ ಮೇಲೆ ಹೋದ ಚೆಂಡು ಆಟಗಾರರ ಕಣ್ಣಿಗೆ ಕಾಣಲಿಲ್ಲ. ಚೆಂಡು ಕಾಣಲಿ ಎಂದು ಗಾಜಿಗೆ ಬಣ್ಣ ಬಳಿದರು. ಬೆಳಕಿಲ್ಲದೆ ಹುಲ್ಲು ಸತ್ತಿತು. ಸತ್ತ ಹುಲ್ಲಿಗೂ ಹಸಿರು ಬಣ್ಣ ಬಳಿದು ಕೆಲವು ದಿನ ಆಡಿದರು. ಕೊನೆಗೆ ಪ್ಲಾಸ್ಟಿಕ್ ಹುಲ್ಲು ಹಾಸಿದರು. ನಮ್ಮ ಹಳೆಯ ಕಚೇರಿಯ ಕಟ್ಟಡ ರಿಪೇರಿ ನೋಡಿದವನಾದ್ದರಿಂದ ಇದರಲ್ಲಿ ನನಗೆ ಯಾವ ಆಶ್ಚರ್ಯವೂ ಕಾಣಲಿಲ್ಲ. ನನ್ನ ತಕರಾರು ಬೇರೆ. ಹುಲ್ಲಿಲ್ಲದ ಕಡೆ ಹುಲ್ಲಿನ ಬದಲು ಇನ್ನೊಂದನ್ನು ಹಾಸಿ ಆಡುವ ಉಪಾಯ ತೆಂಗಿನ ನಾರಿನವರಿಗೆ ಅದಕ್ಕೂ ಎಷ್ಟೋ ಮೊದಲೇ ತಿಳಿದಿತ್ತು. ಅರಸೀಕೆರೆ ತಾಲ್ಲೂಕಿನ ಒಂದೊಂದು ತೆಂಗಿನ ಮರವೂ ನೆತ್ತಿಯ ಮೇಲೆ ಒಂದು ಕ್ರೀಡಾಂಗಣವನ್ನು ಹೊತ್ತುಕೊಂಡು ನಿಂತಿದೆ. ಈ ಮಾತನ್ನು ನಾನು ಮದುವೆ ಮನೆಗಳಲ್ಲಿ ಹಲವು ಬಾರಿ ಹೇಳಿದ್ದೇನೆ. ಪಕ್ಕದವರು ಯಾವಾಗಲೂ ಎದ್ದು ಕೈತೊಳೆಯಲು ಹೋಗುತ್ತಾರೆ.

ಸರಿ, ಮ್ಯಾಟು ಕೇಳಲು ಅಪ್ಪನ ಹತ್ತಿರ ಹೋದೆ. ಅಪ್ಪ ಗಂಧ ತೇಯುತ್ತಿದ್ದರು. ಕ್ರಿಕೆಟ್ ಎಂದರೇನೆಂದು ಅವರಿಗೆ ತಿಳಿಯದು. ಪೂರ್ತಿ ಕೇಳಿಸಿಕೊಂಡು, ಗಂಧದ ಕೊರಡನ್ನು ಪಕ್ಕಕ್ಕಿಟ್ಟು ಹೇಳಿದರು:

“ತಗೊಂಡು ಹೋಗು. ಆದರೆ ಎರಡು ಮಾತು. ಭಾನುವಾರ ಬೆಳಗ್ಗೆ ತಗೊಂಡು ಹೋಗಿ ಹನ್ನೊಂದು ಗಂಟೆಯೊಳಗೆ ವಾಪಸು ತಂದು ಹಾಸಬೇಕು. ಅಷ್ಟು ಹೊತ್ತಿಗೆ ಕಲ್ಲು ಕಾಯುತ್ತೆ, ಒಕ್ಕಲಿನವರು ಬರೋಕೆ ಶುರು ಮಾಡ್ತಾರೆ. ಇನ್ನೊಂದು, ಅದರ ಮೇಲೆ ಯಾರೂ ಚಪ್ಪಲಿ ಮೆಟ್ಟಕೂಡದು. ಜನ ಅದರ ಮೇಲೆ ನಡಕೊಂಡು ದೇವರ ಹತ್ತಿರ ಬರ್ತಾರೆ ಕಣೋ.”

“ಬೂಟು?”

“ಬೂಟೇನು ಬೆಳ್ಳೀದೇ?” ಎಂದರು ಅಪ್ಪ.

ಹೀಗೆ, ನನಗೆ ತಿಳಿದ ಮಟ್ಟಿಗೆ, ಬರಿಗಾಲಿನಲ್ಲಿ ಮಾತ್ರ ಆಡಬಹುದಾದ ಏಕೈಕ ಕ್ರಿಕೆಟ್ ಪಿಚ್ಚು ನಮ್ಮೂರಿನಲ್ಲಿ ಹುಟ್ಟಿತು. ಮ್ಯಾಟಿಗೆ ಮೊಳೆ ಹೊಡೆಯುವುದು ಬೇಡವೆಂದು ಅಂಚಿನ ಕುಣಿಕೆಗಳಿಗೆ ಮೇಕೆ ಕಟ್ಟುವ ಗೂಟಗಳನ್ನು ಹೊಡೆಯುತ್ತಿದ್ದೆವು. ಉದ್ದ ಸ್ವಲ್ಪ ಕಡಿಮೆಯಿತ್ತು, ಬೌಲರಿನ ಕಡೆ ನಾಲ್ಕು ಮಾರು ಮಣ್ಣೇ. ಮೈದಾನ ಗುಡಿಯ ಹಿಂದೆಯೇ ಇದ್ದುದರಿಂದ ಗುಡಿಯ ಬಾಗಿಲಲ್ಲಿದ್ದ ‘ಪಾದರಕ್ಷೆಗಳನ್ನು ಇಲ್ಲಿಯೇ ಬಿಡತಕ್ಕದ್ದು’ ಎಂಬ ಹಲಗೆಯನ್ನೂ ಮ್ಯಾಟಿನ ಜೊತೆಗೇ ತಂದು ನೆಡುತ್ತಿದ್ದೆವು. ಹೊರಗಿನ ತಂಡದವರು ಹಲಗೆ ಓದಿ ನಗುತ್ತಿದ್ದರು. ಆಮೇಲೆ ನಾವು ನಗುತ್ತಿಲ್ಲವೆಂದು ಗೊತ್ತಾಗಿ ಬೂಟಿನ ಲಾಡಿ ಬಿಚ್ಚುತ್ತಿದ್ದರು.

ಬರಿಗಾಲಿನವನಿಗೆ ಕಾಲ ಬುಡಕ್ಕೆ ಚೆಂಡು ಹಾಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಬ್ಯಾಟುಗಾರ ಮೊದಲು ಕಾಲು ಎತ್ತುತ್ತಿದ್ದ, ಆಮೇಲೆ ಬ್ಯಾಟು. ಅಷ್ಟರಲ್ಲಿ ವಿಕೆಟ್ ಬಿದ್ದಿರುತ್ತಿತ್ತು. ನನ್ನ ಬೌಲಿಂಗಿನಲ್ಲಿ ವೇಗವೂ ಇರಲಿಲ್ಲ, ತಿರುವೂ ಇರಲಿಲ್ಲ. ಎದುರಾಳಿಯ ಕಾಲ್ಬೆರಳುಗಳ ಕಡೆ ಒಂದು ದೃಷ್ಟಿ ಮಾತ್ರ ಇತ್ತು. ಅಷ್ಟರಿಂದಲೇ ಆ ವರ್ಷ ಹಾರನಹಳ್ಳಿಯವರನ್ನು ಸೋಲಿಸಿದೆವು, ಕಣಕಟ್ಟೆಯವರನ್ನು ಸೋಲಿಸಿದೆವು. ಪರಸ್ಥಳದಲ್ಲಿ ಆಡಿದಾಗಲೆಲ್ಲ ಸೋತೆವು. ಅಲ್ಲಿ ಬೂಟು ಹಾಕಿಕೊಂಡರೆ ನಮಗೆ ನಡೆಯಲು ಬರುತ್ತಿರಲಿಲ್ಲ.

ಇಷ್ಟಾದ ಮೇಲೆ ಅರಸೀಕೆರೆಯ ತಂಡವೇ ಬಂತು. ಅದರ ನಾಯಕ ಬಸವರಾಜು. ಕಣಕಟ್ಟೆಯ ತೆಂಗಿನ ತೋಟದವರ ಮಗ, ಆರಡಿ ಆಳು, ಅಪ್ಪಟ ಬಿಳಿಯ ಬೂಟು. ಚೈತ್ರದ ಒಂದು ಭಾನುವಾರ ಬೆಳಗ್ಗೆ ಏಳು ಗಂಟೆಗೆ ಆಟ ಶುರುವಾಯಿತು. ಇಪ್ಪತ್ತಿಪ್ಪತ್ತು ಓವರು. ಹನ್ನೊಂದಕ್ಕೆ ಮುಗಿಯಬೇಕು, ಮ್ಯಾಟು ಗುಡಿಗೆ ಹೋಗಬೇಕು. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಅಂಪೈರು.

ಬಸವರಾಜು ಬೂಟು ಬಿಚ್ಚಲು ಒಪ್ಪಲೇ ಇಲ್ಲ. “ಏನ್ಲಾ, ಆಡಕ್ಕೆ ಕರೆದಿದ್ದೀರೋ ಪೂಜೆ ಮಾಡಕ್ಕೆ ಕರೆದಿದ್ದೀರೋ?” ಎಂದು ಕೂಗಾಡಿದ. ಅದರಲ್ಲೇ ಕಾಲು ಗಂಟೆ ಹೋಯಿತು. ಕೊನೆಗೆ ಬಿಚ್ಚಿ ಬಂದು ಸಿಟ್ಟಿನಲ್ಲಿ ನಾಲ್ಕು ಬೌಂಡರಿ ಹೊಡೆದ. ಐದನೆಯ ಚೆಂಡನ್ನು ನಾನು ಅವನ ಬಲಗಾಲಿನ ಹೆಬ್ಬೆರಳಿಗೇ ಗುರಿಯಿಟ್ಟು ಹಾಕಿದೆ. ಜೀವನದಲ್ಲಿ ಅಂದುಕೊಂಡ ಕಡೆ ಚೆಂಡು ಬಿದ್ದದ್ದು ಅದೊಂದೇ ಸಲ.

ಬಸವರಾಜು ಒಂದೇ ಕಾಲಿನಲ್ಲಿ ಮೈದಾನದ ಅರ್ಧ ಸುತ್ತು ಹಾಕಿದ. ಮೇಷ್ಟ್ರು ಬೆರಳೆತ್ತಿ ಎಲ್‌ಬಿಡಬ್ಲ್ಯೂ ಎಂದರು. “ಸಾರ್, ಕಾಲೇ ಹೋಗೈತೆ, ಔಟ್ ಬೇರೆ ಕೊಡ್ತೀರಾ!” ಎಂದು ಅವನು ನೆಲದ ಮೇಲೆ ಕೂತುಬಿಟ್ಟ. ಉಗುರು ಕಿತ್ತು ಬಂದಿತ್ತು. ಅರಿಸಿನ ಹಚ್ಚಿ ಬಟ್ಟೆ ಸುತ್ತಿದ್ದಾಯಿತು, ಸಮಾಧಾನ ಮಾಡಿದ್ದಾಯಿತು, ಔಟು ಹೌದೋ ಅಲ್ಲವೋ ಎಂಬ ಚರ್ಚೆಗೆ ಎರಡೂ ಕಡೆಯವರು ಸೇರಿದ್ದಾಯಿತು. ಇನ್ನೊಂದು ಗಂಟೆ ಹೋಯಿತು.

ಹನ್ನೊಂದು ಹೊಡೆದಾಗ ನಮ್ಮ ಬ್ಯಾಟಿಂಗ್ ಅರ್ಧವೂ ಆಗಿರಲಿಲ್ಲ. ನಾನು ಮ್ಯಾಟು ಸುತ್ತೋಣವೆಂದೆ. “ಸೋಲ್ತೀವಿ ಅಂತ ಚಾಪೆ ಮಡಚ್ತಿದ್ದೀಯಾ?” ಎಂದ ಬಸವರಾಜು. ಆ ಒಂದು ಮಾತಿಗೆ ನನ್ನ ತಲೆ ಕೆಟ್ಟಿತು. ಅಪ್ಪನಿಗೆ ಕೊಟ್ಟ ಮಾತು ಪಕ್ಕಕ್ಕೆ ಹೋಯಿತು. ಇನ್ನೈದು ನಿಮಿಷ, ಇನ್ನೈದು ನಿಮಿಷ ಎಂದು ಹೇಳಿಕೊಳ್ಳುತ್ತಾ ಹನ್ನೆರಡು ಗಂಟೆಯಾಯಿತು. ಹಿಂದೆಯೂ ಹೀಗೆ ತಡವಾದದ್ದುಂಟು, ಅಪ್ಪ ಒಂದು ದಿನವೂ ಏಕೆಂದು ಕೇಳಿರಲಿಲ್ಲ. ಆ ಧೈರ್ಯವೂ ಇತ್ತೆನ್ನಿ.

ಒಂಬತ್ತು ವಿಕೆಟ್ ಬಿದ್ದು, ಎಂಟು ರನ್ ಬೇಕಾಗಿತ್ತು. ಕೊನೆಯವನಾಗಿ ನಾನು ಬ್ಯಾಟು ಹಿಡಿದು ನಿಂತಿದ್ದೆ. ಆಗ ಗುಡಿಯ ಕಡೆಯಿಂದ ಅಪ್ಪ ಬರುವುದು ಕಾಣಿಸಿತು. ಪಂಚೆ ಮೇಲೆ ಕಟ್ಟಿದ್ದಾರೆ, ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಖಾಲಿ ಕೊಡ. ಡ್ರಿಲ್ ಮೇಷ್ಟ್ರು ಟೋಪಿ ತೆಗೆದರು. ಮ್ಯಾಟು ಈಗ ನಮ್ಮ ಕಾಲ ಕೆಳಗಿನಿಂದಲೇ ಹೋಗುತ್ತದೆ ಎಂದುಕೊಂಡೆ.

ಅಪ್ಪ ಪಿಚ್ಚಿನ ಹತ್ತಿರ ಬಂದು, ಸ್ವಲ್ಪ ಸುಧಾರಿಸಿಕೊಂಡು ಕೇಳಿದರು: “ಇನ್ನೆಷ್ಟು ಬೇಕಂತೆ?”

“ಎಂಟು.”

“ಅಂಗಳಕ್ಕೆಲ್ಲ ನೀರು ಹೊಯ್ದಿದ್ದೀನಿ. ಕಾಲು ಗಂಟೆ ತಂಪಿರುತ್ತೆ. ಆಮೇಲೆ ಮತ್ತೆ ಸೇದಬೇಕು. ಅಷ್ಟರೊಳಗೆ ಹೊಡೆದು ಬಾರೋ.”

ಇಷ್ಟು ಹೇಳಿ ಹೊರಟೇಬಿಟ್ಟರು. ಮರುಚೆಂಡಿಗೇ ನಾನು ಕಣ್ಣು ಮುಚ್ಚಿ ಬೀಸಿದೆ. ಕುಂಟುತ್ತಾ ಬಂದು ಚೆಂಡು ಹಾಕಿದ್ದ ಬಸವರಾಜುವೇ ನನ್ನ ನಡುವಿನ ವಿಕೆಟ್ ಕಿತ್ತಿದ್ದ.

ಸೋತ ಬೇಸರ ಯಾರಿಗೂ ಇರಲಿಲ್ಲ. ಎರಡೂ ತಂಡದವರು ಸೇರಿ ಮ್ಯಾಟು ಸುತ್ತಿ, ಹೆಗಲಿಗೆ ಹಾಕಿಕೊಂಡು ಗುಡಿಗೆ ಓಡಿದೆವು. ಬಸವರಾಜು ಬೇಡವೆಂದರೂ ಒಂದು ತುದಿ ಹಿಡಿದಿದ್ದ. ಅಂಗಳದಲ್ಲಿ ಹಾಸುವಾಗ ಪುಟ್ಟಜ್ಜಿ ಎಂಬ ಮುದುಕಿ ಕಂಬಕ್ಕೊರಗಿ ಕೂತಿತ್ತು. “ನೀವು ಹೊತ್ತು ಮಾಡ್ದಾಗೆಲ್ಲ ಇದೇ ಕತೆ ಕಣ್ರಪ್ಪಾ. ಅಯ್ನೋರು ಬಾವಿಗೂ ಬಾಗ್ಲಿಗೂ ಓಡಾಡ್ತಾನೇ ಇರ್ತಾರೆ. ನಮ್ಮ ಕಾಲು ಸುಡಬಾರ್ದು ಅಂತ,” ಎಂದಿತು.

ಮಂಗಳಾರತಿಯ ನಂತರ ಅಪ್ಪ ತೀರ್ಥ ಕೊಡಲು ಬಂದರು. ಉದ್ಧರಣೆ ಹಿಡಿದ ಅವರ ಅಂಗೈಯಲ್ಲಿ ಬಾವಿಯ ಹಗ್ಗದ ಗುರುತು ಕೆಂಪಗೆ ಎದ್ದಿತ್ತು, ಒಂದು ಕಡೆ ಬೊಬ್ಬೆ ಒಡೆದಿತ್ತು. ನನಗೆ ಅಳು ಬಂತು. ಇಪ್ಪತ್ತು ವರ್ಷದ ಗಂಡಸು ಎರಡು ತಂಡಗಳ ಮುಂದೆ ಅಳುವುದು ಹೇಗೆಂದು ತೀರ್ಥ ನೆತ್ತಿಗೇರಿದವನ ಹಾಗೆ ಕೆಮ್ಮಿದೆ. ಅಪ್ಪ ನನ್ನ ತಲೆ ತಟ್ಟಿ, “ಮುಂದಿನ ಭಾನುವಾರ ಯಾರ ಜೊತೆ?” ಎಂದು ಕೇಳಿದರು.

ಮುಂದಿನ ಭಾನುವಾರ ಯಾರ ಜೊತೆಯೂ ಇರಲಿಲ್ಲ. ಆ ಮ್ಯಾಟಿನ ಮೇಲೆ ನಾನು ಮತ್ತೆ ಆಡಲಿಲ್ಲ. ಓದು ಮುಗಿಯಿತು, ಅರಸೀಕೆರೆಯಲ್ಲೇ ಕೆಲಸ ಸಿಕ್ಕಿತು. ಬಸವರಾಜು ಸಿಕ್ಕಾಗಲೆಲ್ಲ ಚಪ್ಪಲಿ ಬಿಚ್ಚಿ ಹೆಬ್ಬೆರಳು ತೋರಿಸುತ್ತಿದ್ದ, ಹಾಗೆ ತೋರಿಸುತ್ತಾ ತೋರಿಸುತ್ತಾ ಆಪ್ತನಾದ. ಉಗುರು ಇಂದಿಗೂ ಸೊಟ್ಟಗೇ ಇದೆ. ಅಪ್ಪ ಎಂಬತ್ತು ದಾಟಿ, ಕೊನೆಯ ದಿನದವರೆಗೂ ಪೂಜೆ ಮಾಡಿಕೊಂಡಿದ್ದು, ಹೋದರು. ಅವರಿಗಾಗಿ ನಾನು ಏನೂ ಮಾಡಲಿಲ್ಲವೆಂಬ ಕೊರಗು ಉಳಿಯಿತು. ಅವರಿಗೆ ಏನೂ ಬೇಕಿರಲಿಲ್ಲ, ನಿಜ. ಹಾಗೆ ಬೇಡವೆಂದವರಿಗೆ ಮಾಡದೆ ಉಳಿದದ್ದೇ ಹೆಚ್ಚು ಚುಚ್ಚುತ್ತದೆ. ಅಪ್ಪನ ಹೆಸರು ಆ ಗುಡಿಯಲ್ಲಿ ಎಲ್ಲಾದರೂ ಇರಬೇಕು, ಅಲ್ಲಿಗೆ ಬಂದವರು ಅದನ್ನು ಓದಿ ‘ಒಳ್ಳೆಯವರಿದ್ದರು’ ಅನ್ನಬೇಕು, ಇಷ್ಟೇ ನನ್ನ ಆಸೆಯಾಗಿತ್ತು.

ಎರಡು ವರ್ಷದ ಹಿಂದೆ ಬಸವರಾಜು ಅರಸೀಕೆರೆಯ ಹೊರಗೆ ಒಂದು ಟರ್ಫ್ ಮಾಡಿಸಿದ. ಸುತ್ತ ಬಲೆ, ಮೇಲೆ ದೀಪ, ಕೆಳಗೆ ಪ್ಲಾಸ್ಟಿಕ್ ಹುಲ್ಲು. ಜನ ಗಂಟೆ ಲೆಕ್ಕದಲ್ಲಿ ಬಂದು ಆಡಿ ಹೋಗುತ್ತಾರೆ. ಹಾಸಲು ಬಂದ ಮೇಸ್ತ್ರಿ ಹುಲ್ಲಿನ ಎಸಳುಗಳ ನಡುವೆ ಕರಿಯ ರಬ್ಬರಿನ ಕಾಳು ಉದುರಿಸುತ್ತಿದ್ದ. ನಲವತ್ತು ವರ್ಷ ತೋಟ ಮಾಡಿದ ಬಸವರಾಜು ಒಂದು ಹಿಡಿ ಎತ್ತಿ ಮೂಸಿ ನೋಡಿದ. ಕೊನೆಗೆ ತಡೆಯಲಾರದೆ, “ಇದ್ಯಾವ ಗೊಬ್ಬರ?” ಎಂದು ಕೇಳಿಯೇಬಿಟ್ಟ. ನಾನಂತೂ ಮೊದಲ ದಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೆ.

ಕೆಲಸ ಮುಗಿದಾಗ ಒಂದು ದೊಡ್ಡ ಸುರುಳಿ ಉಳಿಯಿತು. ಏನು ಮಾಡಲಿ ಎಂದ ಬಸವರಾಜು. ನನ್ನ ಕಣ್ಣ ಮುಂದೆ ಗುಡಿಯ ಅಂಗಳ ಬಂತು. ಗಂಡಸಿಯವರು ಕೊಟ್ಟ ಮ್ಯಾಟು ಯಾವಾಗಲೋ ಮುಗಿದು, ಅದರ ನಂತರದ್ದೂ ಸವೆದಿತ್ತು. ಅಂಗಾಲಿಗೆ ಚುಚ್ಚುವ ನಾರಿನ ಬದಲು ಮೆತ್ತನೆಯ ಹಸಿರು ಹುಲ್ಲು! ಹಸಿರು ಎಂದ ಮೇಲೆ ತಂಪು ತಾನೇ? ಈ ಒಂದು ತರ್ಕದಲ್ಲಿ ನನಗೆ ಯಾವ ಲೋಪವೂ ಕಾಣಲಿಲ್ಲ. ಬಸವರಾಜುವಿಗೂ ಕಾಣಲಿಲ್ಲ. ಇಬ್ಬರ ವಯಸ್ಸನ್ನೂ ಕೂಡಿದರೆ ನೂರಮೂವತ್ತು ದಾಟುತ್ತದೆ.

ಪುಷ್ಯಮಾಸದ ಚಳಿಯಲ್ಲಿ ಹುಲ್ಲು ಹಾಸಿದೆವು. ಪಕ್ಕದಲ್ಲಿ ಕಬ್ಬಿಣದ ಹಲಗೆಯೊಂದನ್ನು ನಿಲ್ಲಿಸಿದೆ: ‘ಭಕ್ತಾದಿಗಳ ಪಾದಗಳಿಗೆ — ಅರ್ಚಕರಾಗಿದ್ದ ಕೀರ್ತಿಶೇಷ ವೆಂಕಟರಮಣಯ್ಯನವರ ನೆನಪಿಗಾಗಿ’. ನನ್ನ ಹೆಸರನ್ನು ಸಣ್ಣಕ್ಷರದಲ್ಲಿ ಹಾಕಿಸಿದ್ದೆ. ಬಹಳ ಸಣ್ಣದಾಗಿ ಅಲ್ಲ. ಜನ ಬಂದು ಹುಲ್ಲನ್ನು ಸವರಿ ನೋಡಿದರು, ಕೂತು ಫೋಟೋ ತೆಗೆಸಿಕೊಂಡರು. ಈಗ ಪೂಜೆ ಮಾಡುವ ನನ್ನ ಚಿಕ್ಕಪ್ಪನ ಮಗ ನಾಗೇಶ, “ದೊಡ್ಡಪ್ಪ ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ರು ಅಣ್ಣ,” ಎಂದ. ತಲೆ ಎತ್ತಿಕೊಂಡು ಅರಸೀಕೆರೆಗೆ ಬಂದೆ. ಮಿಕ್ಕ ತುಂಡೊಂದನ್ನು ಮನೆಗೂ ತಂದೆ. ಸಾವಿತ್ರಿ ಒಗೆಯುವುದು ಅದನ್ನೇ.

ಯುಗಾದಿ ಕಳೆದು ಹದಿನೈದು ದಿನಕ್ಕೆ, ಹೇಳದೆ ಕೇಳದೆ, ನಾನೂ ಬಸವರಾಜುವೂ ಗುಡಿಗೆ ಹೋದೆವು. ಮಧ್ಯಾಹ್ನ ಹನ್ನೆರಡೂವರೆ. ಅಂಗಳದಲ್ಲಿ ಜನ ಇದ್ದರು. ಹುಲ್ಲಿನ ಮೇಲೆ ಮಾತ್ರ ಒಬ್ಬರೂ ಇರಲಿಲ್ಲ. ಎಲ್ಲರೂ ಅದರ ಅಕ್ಕಪಕ್ಕದ ಬರಿಗಲ್ಲಿನ ಮೇಲೆ ಹಾರಿ ಹಾರಿ ಓಡುತ್ತಿದ್ದರು. ಸುಡುವ ಕಲ್ಲೇ ವಾಸಿ ಎಂದು ಜನ ತೀರ್ಮಾನ ಮಾಡಿದ್ದರೆ ಹುಲ್ಲು ಹೇಗಿರಬಹುದು? ಅಷ್ಟರಲ್ಲಿ ಹೊಸಬಳೊಬ್ಬಳು ಗೊತ್ತಿಲ್ಲದೆ ಹುಲ್ಲಿನ ಮೇಲೆ ಕಾಲಿಡಲು ಹೋದಳು. ಊರಿನ ಹೆಂಗಸೊಬ್ಬಳು ದೂರದಿಂದಲೇ ಕೂಗಿದಳು:

“ಅಯ್ಯೋ, ಅಯ್ನೋರ ಮೇಲೆ ಕಾಲಿಡಬ್ಯಾಡ ಕಣವ್ವಾ, ಚುರ್ ಅನ್ನಿಸ್ಬಿಡ್ತಾರೆ!”

ಬಸವರಾಜು ಫಕ್ಕನೆ ನಕ್ಕ. ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಹಲಗೆ ಓದಿ ಓದಿ ಊರಿನವರು ಆ ಹುಲ್ಲಿಗೆ ‘ಅಯ್ನೋರು’ ಎಂದೇ ಹೆಸರಿಟ್ಟಿದ್ದರು. ಅಯ್ನೋರು ಸುಡ್ತಾರೆ, ಅಯ್ನೋರನ್ನ ದಾಟ್ಕೊಂಡು ಬಾ, ಅಯ್ನೋರ ಮೇಲೆ ಮಗೂನ ಬಿಡಬ್ಯಾಡ. ಜನರ ಕಾಲು ಸುಡಬಾರದೆಂದು ಕೈ ಬೊಬ್ಬೆ ಬರಿಸಿಕೊಂಡವರ ಹೆಸರನ್ನು ನಾನು ಜನರ ಕಾಲು ಸುಡಲು ಬಿಟ್ಟಿದ್ದೆ. ಆ ಹೊತ್ತು ನನಗೆ ಅಲ್ಲಿಂದ ಎಲ್ಲಾದರೂ ಓಡಿಹೋಗಬೇಕೆನಿಸಿತು.

“ಯಾಕೋ ನಾಗೇಶ, ಒಂದು ಫೋನು ಮಾಡಬಾರದಾಗಿತ್ತಾ?” ಎಂದೆ.

“ದೊಡ್ಡಪ್ಪನ ಹೆಸರಿದೆಯಲ್ಲಣ್ಣ, ಹ್ಯಾಗೆ ತೆಗೆಯೋದು? ಜನಾನೂ ಹಂಗೇ ಅಂದ್ರು. ಅಯ್ನೋರ ಹೆಸರಿಂದು, ಇರ್ಲಿ ಬಿಡಿ, ನಾವೇ ಸುತ್ಕೊಂಡು ಬತ್ತೀವಿ ಅಂತ.”

ನೋಡಿ, ಬೈದುಕೊಂಡೇ ಮರ್ಯಾದೆ ಉಳಿಸಿದ್ದರು. ಇದು ನನಗೆ ಇನ್ನೂ ಕಷ್ಟವಾಯಿತು. ಅವತ್ತೇ ಸಂಜೆ, ಬಿಸಿಲಿಳಿದ ಮೇಲೆ, ನಾನೂ ಬಸವರಾಜುವೂ ಬಗ್ಗಿ ಹುಲ್ಲು ಸುತ್ತಿದೆವು. ಇಬ್ಬರ ಸೊಂಟವೂ ಒಂದೊಂದು ಸುತ್ತಿಗೆ ಒಂದೊಂದು ಶಬ್ದ ಮಾಡಿತು. ನಾಗೇಶ ಉಗ್ರಾಣದಿಂದ ಸವೆದ ನಾರಿನ ಮ್ಯಾಟನ್ನೇ ತಂದು ಹಾಸಿದ. ಹೊಸದನ್ನು ನಾನು ಕಳಿಸುತ್ತೇನೆ, ಹೆಸರು ಗಿಸರು ಏನೂ ಬೇಡ ಎಂದೆ. ಹುಲ್ಲಿನ ಸುರುಳಿ ಹೇಗೋ ಟೆಂಪೋದಲ್ಲಿ ಹೋಗುತ್ತದೆ. ಹಲಗೆಯನ್ನು ಏನು ಮಾಡುವುದು? ಅಪ್ಪನ ಹೆಸರಿದೆ, ಗುಜರಿಗೆ ಹಾಕುವಂತಿಲ್ಲ. ಮನೆಗೆ ಒಯ್ದರೆ ಸಾವಿತ್ರಿ ಎಲ್ಲಿಡಲಿ ಎನ್ನುತ್ತಾಳೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ.

ಆಗ ಪವಿತ್ರಾ ಬಂದಳು. ಊರಿನ ಹುಡುಗಿ, ಬೇಲೂರಿನ ಕಾಲೇಜಿನಲ್ಲಿ ಓದುತ್ತಾಳೆ. ಗುಡಿಯ ಹಿಂದಿನ ಅದೇ ಮೈದಾನದಲ್ಲಿ ಹುಡುಗಿಯರ ಕ್ರಿಕೆಟ್ ತಂಡ ಕಟ್ಟಿದ್ದಾಳೆ ಎಂದು ನಾಗೇಶ ಹೇಳಿದ. ಅವಳ ಕಣ್ಣು ಸುರುಳಿಯ ಮೇಲಿತ್ತು.

“ಅಂಕಲ್, ಇದನ್ನ ವಾಪಸ್ ತಗೊಂಡು ಹೋಗ್ತೀರಾ? ನಮ್ಗೆ ಕೊಡಿ ಅಂಕಲ್, ಪಿಚ್‌ಗೆ ಹಾಕ್ತೀವಿ. ಮಣ್ಣಲ್ಲಿ ಬಾಲ್ ಎಲ್ಲೆಲ್ಲೋ ಹೋಗುತ್ತೆ.”

“ಬಿಸಿಲಿಗೆ ಕೆಂಡ ಆಗುತ್ತೆ ಕಣಮ್ಮ. ಕಾಲು ಸುಡುತ್ತೆ.”

“ಅಯ್ಯೋ, ನಾವೇನು ಬರಿಗಾಲಲ್ಲಿ ಆಡ್ತೀವಾ? ಶೂಸ್ ಇದೆ ಅಂಕಲ್!”

ಬಸವರಾಜು ತನ್ನ ಹೆಬ್ಬೆರಳನ್ನು ನೋಡಿಕೊಂಡು, “ನೀನು ಪುಣ್ಯವಂತೆ ಕಣವ್ವಾ,” ಎಂದ.

ಸುರುಳಿಯನ್ನು ಕೊಟ್ಟುಬಿಟ್ಟೆ. ನಾಲ್ಕು ಹುಡುಗಿಯರು ಬಂದು ಅದನ್ನು ಉರುಳಿಸಿಕೊಂಡು ಹೋದರು. ಪವಿತ್ರಾ ಹೋದವಳು ತಿರುಗಿ ಬಂದು, ನನ್ನ ತೊಡೆಯ ಮೇಲಿದ್ದ ಹಲಗೆಯನ್ನು ನೋಡಿ, “ಇದೂ ಅದರ ಜೊತೇದೇ ಅಲ್ವಾ ಅಂಕಲ್?” ಎಂದು ಎತ್ತಿಕೊಂಡಳು. ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಅಂಗಳ ದಾಟಿದ್ದಳು. ಆಟದ ಬಯಲಿನಲ್ಲಿ ಹುಡುಗಿಯರ ಚೆಂಡು ತಾಗಿ ತಾಗಿ ಅಪ್ಪನ ಹೆಸರು ಸೊಟ್ಟಗಾಗುತ್ತದೆ ಎಂದು ದಾರಿಯುದ್ದಕ್ಕೂ ಕೊರಗಿದೆ.

ಕಾರ್ತಿಕದಲ್ಲಿ ಪವಿತ್ರಾಳ ಫೋನು ಬಂತು. ಹಳೇಬೀಡಿನ ಹುಡುಗಿಯರ ತಂಡ ಬರುತ್ತದೆ, ನೀವು ಬರಲೇಬೇಕು ಎಂದಳು. ಹೋದೆವು. ಎಳೆಬಿಸಿಲು. ನಾವು ಮೇಕೆಗೂಟ ಹೊಡೆಯುತ್ತಿದ್ದ ಜಾಗದಲ್ಲೇ ಹಸಿರು ಪಿಚ್ಚು ಮಲಗಿತ್ತು. ಹುಡುಗಿಯರು ಬೂಟು ಹಾಕಿಕೊಂಡು ಅದರ ಮೇಲೆ ಧಡಧಡ ಓಡುತ್ತಿದ್ದರು. ಮರಕ್ಕೆ ಕಟ್ಟಿದ ಮೈಕಿನಲ್ಲಿ ನಾಗೇಶನೇ ಕಾಮೆಂಟರಿ. ಮಂತ್ರ ಹೇಳಿ ಪಳಗಿದ ಗಂಟಲು, ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದ. ನಾನು ಬಸವರಾಜುವಿನ ಜೊತೆ ಕುರ್ಚಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಅಷ್ಟರಲ್ಲಿ ಮೈಕು ಹೇಳಿತು:

“ಈಗ ಅಯ್ನೋರ ಎಂಡ್‌ನಿಂದ ಪವಿತ್ರಾ ಬೌಲಿಂಗ್ ಮಾಡಲಿದ್ದಾರೆ!”

ಕಡಲೆಕಾಯಿ ಕೈಯಲ್ಲೇ ನಿಂತಿತು. “ಏನಂದ?” ಎಂದೆ. ಬಸವರಾಜು ಬೆರಳು ಮಾಡಿ ತೋರಿಸಿದ. ಪವಿತ್ರಾ ಚೆಂಡು ಹಾಕುವ ತುದಿಯಲ್ಲಿ, ಬೌಂಡರಿಯ ಗೆರೆಯ ಹಿಂದೆ, ಹಲಗೆ ನಿಂತಿತ್ತು. ಅಪ್ಪನ ಹೆಸರಿಗೆ ಹೊಸದಾಗಿ ಬಿಳಿಬಣ್ಣ ತುಂಬಿದ್ದರು. ನನ್ನ ಹೆಸರಿನ ಮೇಲೆ ಚೆಂಡು ಬಿದ್ದು ಬಣ್ಣ ಹಾರಿತ್ತು. ಓವರಿಗೆ ಎಷ್ಟು ಚೆಂಡು ಎಂಬುದು ನಮ್ಮಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಈಗ 'ಅಯ್ನೋರ ಎಂಡ್‌ನಿಂದ ನಾಲ್ಕನೇ ಎಸೆತ, ಅಯ್ನೋರ ಎಂಡ್‌ಗೆ ಒಂದು ರನ್ ಓಡಿದರು' ಎಂದು ಊರೆಲ್ಲ ಕೇಳುವ ಹಾಗೆ ನಾಗೇಶ ಕೂಗುತ್ತಿದ್ದ.

ಯಾವಾಗ ಎದ್ದೆನೋ ಗೊತ್ತಿಲ್ಲ. ಮೈದಾನದ ಅಂಚಿನಲ್ಲಿ ನಡೆದು ನಡೆದು ಹಲಗೆಯ ಹತ್ತಿರ ಹೋಗಿಬಿಟ್ಟಿದ್ದೆ. ಅದನ್ನು ಮುಟ್ಟಬೇಕೆಂದು ಕೈ ಚಾಚಿದೆ. ಬ್ಯಾಟು ಹಿಡಿದಿದ್ದ ಹುಡುಗಿ ಕೈಯೆತ್ತಿ ಆಟ ನಿಲ್ಲಿಸಿದಳು. ಬೌಲರಿನ ಹಿಂದೆ ಯಾರೋ ಅಲುಗಾಡುತ್ತಿದ್ದಾರೆ, ಚೆಂಡು ಕಾಣುವುದಿಲ್ಲ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಅಂಪೈರು ಸಿಟ್ಟಿನಿಂದ ಕೂಗಿದಳು:

“ಯಾರ್ರೀ ಅದು ಅಯ್ನೋರ ಪಕ್ಕ? ಒಂದ್ಕಡೆ ಕೂತ್ಕೊಳ್ರೀ!”

ಕೂತುಕೊಂಡೆ.